ಹಸಿರು ಕಂಡಲ್ಲೆಲ್ಲ ನೆಲ ಗಟ್ಟಿ ಅಂದುಕೊಂಡಿದ್ದೆ

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಬೆಟ್ಟಗಳು ಜಾರಿದವು. ಮಡಿಕೇರಿ ಸುತ್ತ ಇನ್ನೂ ಎಲ್ಲೆಲ್ಲಿ ನೆಲ ಸೂಕ್ಷ್ಮವಾಗಿದೆ ಅಂತ ಉಪಗ್ರಹ ಚಿತ್ರಗಳಿಂದ ಗುರುತಿಸಲು ನಾನು ಕೂತಿದ್ದು ಆಮೇಲೆ.

ಮಳೆಗಾಲದಲ್ಲಿ ಕೊಡಗಿನ ಮೇಲೆ ಮೋಡ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಅದಕ್ಕೇ ಕುಸಿತಕ್ಕೆ ಮೊದಲಿನ ಜನವರಿ, ಫೆಬ್ರವರಿಯ ಸೆಂಟಿನೆಲ್-2 ಉಪಗ್ರಹದ ಚಿತ್ರಗಳನ್ನು ತೆಗೆದುಕೊಂಡೆ. ಅದರ ಒಂದು ಚುಕ್ಕಿ ಅಂದರೆ ನೆಲದಲ್ಲಿ 10 ಮೀಟರ್. ಇಳಿಜಾರಿಗೆ ಎಸ್‌ಆರ್‌ಟಿಎಂ, ಅಂದರೆ 30 ಮೀಟರಿನ ಚೌಕಗಳಲ್ಲಿ ನೆಲದ ಎತ್ತರ ಹೇಳುವ ದತ್ತಾಂಶ. ಮಳೆಗೆ ಚಿರ್ಪ್ಸ್, ಅಂದರೆ ಉಪಗ್ರಹ ಮತ್ತು ಮಳೆಮಾಪಕಗಳಿಂದ ಮಾಡಿದ ಮಳೆಯ ಅಂದಾಜು. ಎಲ್ಲವನ್ನೂ 0ಯಿಂದ 1ರ ಅಳತೆಗೆ ತಂದು, ತೂಕ ಕೊಟ್ಟು ಕೂಡಿಸಿದೆ. ಹಸಿರು ಕಡಿಮೆ ಇದ್ದಲ್ಲಿ ಅಪಾಯ ಜಾಸ್ತಿ ಅಂತ ಎನ್‌ಡಿವಿಐಗೆ (ಹಸಿರು ಎಷ್ಟು ದಟ್ಟ ಅಂತ ಹೇಳುವ ಅಂಕಿ, 1ರ ಹತ್ತಿರ ಬಂದಷ್ಟೂ ಹಸಿರು ಜಾಸ್ತಿ) ದೊಡ್ಡ ತೂಕವನ್ನೇ ಇಟ್ಟಿದ್ದೆ.

ತಪ್ಪಿದ್ದು ಅಲ್ಲೇ. ಮಳೆ ನಿಂತ ಮೇಲಿನ ಚಿತ್ರದಲ್ಲಿ ಕುಸಿದ ಜಾಗಗಳು ಕೆಂಪು ಮಣ್ಣಿನ ಗೀರುಗಳಾಗಿ ಕಾಣುತ್ತವೆ. ಅವಕ್ಕೆ ಒಂದೊಂದಾಗಿ ಗೆರೆ ಎಳೆದು ನನ್ನ ನಕ್ಷೆಯ ಮೇಲಿಟ್ಟೆ. ಎಷ್ಟೋ ಗೀರುಗಳು ನಾನು ಸುರಕ್ಷಿತ ಅಂದಿದ್ದ ಜಾಗದಲ್ಲೇ ಬಿದ್ದವು. ನೋಡಿ ಎದೆ ಧಸಕ್ಕೆಂದಿತು. ಮರದ ನೆರಳಿನ ಕಾಫಿ ತೋಟವೂ ಕಾಡೂ ಎನ್‌ಡಿವಿಐನಲ್ಲಿ ಹೆಚ್ಚುಕಡಿಮೆ ಒಂದೇ, ಎರಡೂ 0.7ರ ಮೇಲೆ. ಮೇಲಿನ ಎಲೆ ಕಾಣುತ್ತದೆ. ಕೆಳಗೆ ಬರೆ, ಅಂದರೆ ಗುಡ್ಡದ ಕಡಿದಾದ ಮಗ್ಗುಲು, ಕಡಿದಿರುವುದು ಕಾಣುವುದಿಲ್ಲ.

ನಡೆದೇ ನೋಡಬೇಕಾಯಿತು. ಮಕ್ಕಂದೂರಿನ ಹತ್ತಿರ ಹಿರಿಯ ಬೆಳೆಗಾರರೊಬ್ಬರು ತಮ್ಮ ಮಳೆ ಡೈರಿ ತೆಗೆದು ತೋರಿಸಿದರು. ದಿನದಿನದ ಮಳೆ, ಇಂಚು-ಸೆಂಟ್ ಲೆಕ್ಕದಲ್ಲಿ, ನೀಲಿ ಶಾಯಿಯಲ್ಲಿ. ಚಿರ್ಪ್ಸ್‌ನ ಒಂದು ಚೌಕ ಸುಮಾರು 5 ಕಿಲೋಮೀಟರ್. ಬೆಟ್ಟದ ಎರಡೂ ಮಗ್ಗುಲಿಗೆ ಅದು ಒಂದೇ ಮಳೆ ಹೇಳುತ್ತದೆ. ಕೊಡಗಿನಲ್ಲಿ ಮಳೆ ಹಾಗೆ ಬೀಳುವುದಿಲ್ಲ ಅಲ್ವಾ? ಅಂಥ ಡೈರಿಗಳು ಎಷ್ಟು ತೋಟದಮನೆಗಳ ಕಪಾಟಿನಲ್ಲಿ ಸುಮ್ನೆ ಕೂತಿವೆಯೋ!

ವಾಪಸ್ ಬಂದು ಎನ್‌ಡಿವಿಐ ತೂಕ ಇಳಿಸಿದೆ. ಕಾಡು, ತೋಟ, ಗದ್ದೆ ಬೇರೆ ಬೇರೆ ಮಾಡಿದೆ. ರಸ್ತೆಗೆ, ಮನೆಗೆ ಬರೆ ಕಡಿದ ಜಾಗಗಳನ್ನು ಗೂಗಲ್ ಅರ್ಥ್ ನೋಡಿ ಕೈಯಲ್ಲೇ ಗುರುತು ಹಾಕಿದೆ. ಕಣ್ಣು ಉರಿಯುವ ಕೆಲಸ. ಆದರೆ ನಕ್ಷೆ ನೆಲಕ್ಕೆ ಹೊಂದಿದ್ದು ಇದರಿಂದಲೇ.

ಹೊಸ ನಕ್ಷೆ ಒಯ್ದು ತೋರಿಸಿದಾಗ ಆ ಹಿರಿಯರು ಕೇಳಿದ್ದು ಒಂದೇ ಮಾತು: "ನಮ್ಮ ಮನೆ ಯಾವ ಬಣ್ಣದಲ್ಲಿದೆ?" ನನ್ನ ನಕ್ಷೆಯಲ್ಲಿ ಮನೆ, ಅಂಗಳ, ಹಿಂದಿನ ಬರೆ ಎಲ್ಲ ಸೇರಿ ಎಸ್‌ಆರ್‌ಟಿಎಂನ ಹಾಗೆ 30 ಮೀಟರಿನ ಒಂದೇ ಚೌಕ, ಒಂದೇ ಬಣ್ಣ. ಅದನ್ನೇ ಹೇಳಿದೆ. ಆಮೇಲೆ ಇಬ್ಬರೂ ಮನೆ ಹಿಂದೆ ಹೋಗಿ, ಬರೆಯ ಬುಡದಲ್ಲಿ ಎಲ್ಲೆಲ್ಲಿ ಒರತೆ ಏಳುತ್ತದೆ ಅಂತ ನೋಡುತ್ತಾ ನಿಂತೆವು.