ಕೇಳಿದವರಿಗೆ ಈಸ್ಟರ್ ಬಗ್ಗೆ ನಾನು ಹೇಳುವುದು

ಧಾರವಾಡದ ನಮ್ಮ ಓಣಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಈ ಊರಿಗೆ ಬಂದದ್ದು 1837ರಲ್ಲಿ. ಚರ್ಚು, ಮಿಷನ್ ಶಾಲೆ ಇಲ್ಲಿನವರಿಗೆ ಹೊಸದಲ್ಲ. ಕ್ರಿಸ್ಮಸ್ ಕೂಡ ಎಲ್ಲರಿಗೂ ಗೊತ್ತು. ಆದರೆ ನಮ್ಮ ನಂಬಿಕೆಯ ಬುಡ ಇರುವುದು ಯೇಸು ಸತ್ತು ಮತ್ತೆ ಎದ್ದು ಬಂದ ದಿನವಾದ ಈಸ್ಟರ್‌ನಲ್ಲಿ. ಅದನ್ನು ಹೇಳಬೇಕು ಅನ್ನುವ ಆಸೆ ನನಗೆ ಯಾವಾಗಲೂ ಇದೆ.

ಮಾತು ಈಸ್ಟರ್ ಹಿಂದಿನ ಶುಭ ಶುಕ್ರವಾರವೇ ಶುರುವಾಗುತ್ತದೆ. ಬಿಳಿ ಸೀರೆ ಉಟ್ಟು ಚರ್ಚಿಗೆ ಹೊರಟಾಗ ಯಾರಾದರೂ 'ಹಬ್ಬ ಅಂತೀರಿ, ಉಪವಾಸ ಯಾಕ್ರೀ ಟೀಚರ್?' ಅನ್ನುತ್ತಾರೆ. ಯೇಸುಸ್ವಾಮಿ ಸತ್ತ ದಿನ ಇದು, 12ರಿಂದ 3 ಗಂಟೆವರೆಗೆ ಅವರು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಧ್ಯಾನಿಸುತ್ತೇವೆ ಅನ್ನುತ್ತೇನೆ. ಅಷ್ಟೇ. ಉಳಿದದ್ದು ಅವರು ಕೇಳಿದರೆ.

ಒಂದು ವರ್ಷ ಪಕ್ಕದ ಮನೆಯವರು ಕೇಳಿದರು. ಆಗಷ್ಟೇ ಗಂಡನನ್ನು ಕಳೆದುಕೊಂಡಿದ್ದರು. 'ಸತ್ತವರು ಮತ್ತ ಏಳ್ತಾರಂತ ನೀವು ಖರೇನ ನಂಬ್ತೀರೇನ್ರಿ?'

ನಾನು ತಕ್ಷಣ ಉತ್ತರ ಹೇಳಲಿಲ್ಲ. ಯಜಮಾನರ ಬಗ್ಗೆ ಹೇಳ್ರಿ ಅಂದೆ. ತುಂಬ ಹೊತ್ತು ಮಾತಾಡಿದರು, ಅತ್ತರು. ಇದನ್ನು ನಾನು ಕಲಿತದ್ದು ಯೇಸುವಿನ ಜೀವನ ಹೇಳುವ ಬೈಬಲಿನ ಪುಸ್ತಕ, ಲೂಕನ ಸುವಾರ್ತೆಯ 24ನೇ ಅಧ್ಯಾಯದಿಂದ. ಎಮ್ಮಾಹು ಅನ್ನುವ ಹಳ್ಳಿಗೆ ಇಬ್ಬರು ಶಿಷ್ಯರು ದುಃಖದಿಂದ ನಡೆದು ಹೋಗುತ್ತಿದ್ದಾರೆ. ಎದ್ದು ಬಂದ ಯೇಸು ಅವರ ಜೊತೆ ಸೇರಿಕೊಂಡು ಮೊದಲು ಕೇಳುವುದು, ಏನು ಮಾತಾಡ್ತಾ ಇದ್ದೀರಿ ಅಂತ. ಅವರ ಸಂಕಟವನ್ನೆಲ್ಲ ಕೇಳಿಸಿಕೊಂಡ ಮೇಲೆಯೇ ತಮ್ಮ ಮಾತು ಶುರುಮಾಡುತ್ತಾರೆ.

ಆಮೇಲೆ ಪಕ್ಕದ ಮನೆಯವರಿಗೆ ಹೇಳಿದೆ: ಹೌದು, ನಂಬುತ್ತೇನೆ. ಸತ್ತ ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸುವೇ ಅತ್ತರು, ಅವನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಅತ್ತರು. ಹಾಗಾಗಿ ನಂಬಿಕೆ ಇದ್ದರೆ ಅಳಬಾರದು ಅಂತ ಏನಿಲ್ಲ. ಯೇಸು ಎದ್ದು ಬಂದಾಗ ಕೈಯಲ್ಲಿ ಮೊಳೆಯ ಗುರುತು ಹಾಗೇ ಇತ್ತು. ಆದ ನೋವು ಸುಳ್ಳಾಗಲಿಲ್ಲ, ಆದರೆ ಸಾವು ಅವರನ್ನು ಹಿಡಿದಿಡಲಿಲ್ಲ. ಅವರ ಜೊತೆ ನಾವೂ ಏಳುತ್ತೇವೆ ಅನ್ನುವುದು ನಮ್ಮ ನಿರೀಕ್ಷೆ. ಅದಕ್ಕೇ ಈಸ್ಟರ್ ದಿನ ಬೆಳಗಿನ ಜಾವ ನಮ್ಮ ಸಭೆಯವರು ಸ್ಮಶಾನಕ್ಕೆ ಹೋಗಿ, ಸಮಾಧಿಗಳ ನಡುವೆ ನಿಂತು ಹಾಡುತ್ತೇವೆ. ನನ್ನ ಅವ್ವನ ಸಮಾಧಿಯೂ ಅಲ್ಲೇ ಇದೆ.

ಅವರು ಸುಮ್ನೆ ಕೇಳಿಸಿಕೊಂಡರು. ನಂಬಿದರೋ ಇಲ್ಲವೋ ನಾನು ಕೇಳಲಿಲ್ಲ.

ಅವರ ಕಾಲೇಜು ಓದುವ ಮಗ ಮಾತ್ರ ವಾದಕ್ಕೇ ಬಂದ. ಕಟ್ಟುಕತೆ ಯಾಕಾಗಿರಬಾರದು ಆಂಟಿ ಅಂದ. ಒಳ್ಳೆಯ ಪ್ರಶ್ನೆ ಅಲ್ವಾ? ಯೇಸುವಿನ ಬರಿದಾದ ಸಮಾಧಿಯನ್ನು ಮೊದಲು ಕಂಡವರು ಹೆಂಗಸರು. ಆ ಕಾಲದಲ್ಲಿ ಹೆಂಗಸರ ಸಾಕ್ಷಿಗೆ ಬೆಲೆ ಕಡಿಮೆ. ಶಿಷ್ಯರೇ ಅವರ ಮಾತನ್ನು ಹರಟೆ ಅಂದುಕೊಂಡರು. ಕತೆ ಕಟ್ಟುವವರು ಇಂಥ ಸಾಕ್ಷಿಗಳನ್ನು ಆರಿಸುತ್ತಿರಲಿಲ್ಲ ಅಂದೆ. ಅವನು ಪೂರ್ತಿ ಒಪ್ಪಲಿಲ್ಲ. ಯೇಸುವಿನ ಶಿಷ್ಯ ತೋಮನೂ ಕಣ್ಣಾರೆ ಕಾಣುವ ತನಕ ಒಪ್ಪಿರಲಿಲ್ಲ, ಯೇಸು ಅವನನ್ನು ದೂರ ಮಾಡಲೂ ಇಲ್ಲ.

ಕೆಲವು ವಿಷಯದಲ್ಲಿ ನಾನು ಕಟ್ಟುನಿಟ್ಟು. ಪ್ರಾರ್ಥನೆ ಮಾಡಲಾ ಅಂತ ಕೇಳದೆ ಯಾರ ಮನೆಯಲ್ಲೂ ಪ್ರಾರ್ಥಿಸುವುದಿಲ್ಲ. ಕಾಯಿಲೆ ವಾಸಿಯಾಗುತ್ತದೆ, ಕೆಲಸ ಸಿಗುತ್ತದೆ ಅಂತ ಆಸೆ ಹುಟ್ಟಿಸುವುದಿಲ್ಲ. ಅವರ ದೇವರನ್ನು ಹಗುರ ಮಾಡುವುದಂತೂ ಇಲ್ಲವೇ ಇಲ್ಲ. ನಮ್ಮ ನಿರೀಕ್ಷೆಗೆ ಕಾರಣ ಕೇಳಿದವರಿಗೆ ಸಾತ್ವಿಕವಾಗಿ, ಗೌರವದಿಂದ ಉತ್ತರ ಕೊಡಿ ಅಂತ ಯೇಸುವಿನ ಶಿಷ್ಯ ಪೇತ್ರನೇ ಬೈಬಲಿನಲ್ಲಿ ಬರೆದಿದ್ದಾನೆ. ಮಕ್ಕಳಿಗೆ ಹೇಳಬೇಕಾದರೆ ಮೊದಲು ಅಪ್ಪ ಅಮ್ಮನ ಒಪ್ಪಿಗೆ.

ಓದಲು ಕೇಳಿದವರಿಗೆ ಲೂಕನ ಸುವಾರ್ತೆ ಕೊಡುತ್ತೇನೆ. ಚರ್ಚಿಗೆ ಬರ್ತೀನಿ ಅಂದವರನ್ನು ನನ್ನ ಪಕ್ಕದಲ್ಲೇ ಕೂರಿಸಿಕೊಳ್ಳುತ್ತೇನೆ. ರೊಟ್ಟಿ ಮತ್ತು ದ್ರಾಕ್ಷಾರಸ ಕೊಡುವಾಗ ನೀವು ಎದ್ದು ಬರಬೇಕಿಲ್ಲ, ಅದು ದೀಕ್ಷಾಸ್ನಾನ ಆದವರಿಗೆ, ಅಂದರೆ ನೀರಿನಿಂದ ದೀಕ್ಷೆ ಪಡೆದು ಕ್ರೈಸ್ತ ಸಭೆಗೆ ಸೇರಿದವರಿಗೆ ಅಂತ ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಪಾಪ, ಏನು ಮಾಡಬೇಕು ಅಂತ ಅವರಿಗೆ ಗಾಬರಿ ಆಗುತ್ತದೆ.