ಗಲ್ಲೆಯ ಕಂಪ್ಯೂಟರಿನ ಬ್ರೌಸರಿಗೆ ಸ್ಯಾಂಡ್‌ಬಾಕ್ಸ್ ದೋಷದಿಂದ ರಕ್ಷಣೆ

ಮುಂಬಯಿಯ ಮಾಟುಂಗಾ, ದಾದರ್ ಕಡೆಯ ನಮ್ಮವರ ಹೋಟೆಲುಗಳಲ್ಲಿ ಗಲ್ಲೆಯ ಬಳಿಯ ಕಂಪ್ಯೂಟರು ಎಷ್ಟೋ ಸಲ ವಾರಗಟ್ಟಲೆ ಆಫ್ ಆಗದೆ ನಡೆಯುತ್ತಿರುತ್ತದೆ. ಆನ್‌ಲೈನ್ ಆರ್ಡರು, ಜಿಎಸ್‌ಟಿ, ಬ್ಯಾಂಕು ಎಲ್ಲವೂ ಒಂದೇ ಬ್ರೌಸರಿನಲ್ಲಿ. ಅದನ್ನು ನೋಡಿಕೊಳ್ಳುವವರಿಗಾಗಿ ಈ ಬರಹ.

ವೆಬ್‌ಪುಟದ ಕೋಡನ್ನು ಬ್ರೌಸರು ಸ್ಯಾಂಡ್‌ಬಾಕ್ಸ್ ಎಂಬ ಆವರಣದೊಳಗೆ ನಡೆಸುವುದರಿಂದ ಅದು ನಮ್ಮ ಕಡತಗಳನ್ನು ನೇರವಾಗಿ ಮುಟ್ಟಲಾರದು. ಆ ಆವರಣ ದಾಟಲು ಬಿಡುವ ದೋಷಕ್ಕೆ ಸ್ಯಾಂಡ್‌ಬಾಕ್ಸ್ ಎಸ್ಕೇಪ್ ಎನ್ನುತ್ತಾರೆ. 2025ರ ಮಾರ್ಚ್‌ನಲ್ಲಿ ಕಂಪ್ಯೂಟರ್ ಭದ್ರತೆಯ ಕಂಪನಿ ಕ್ಯಾಸ್ಪರ್‌ಸ್ಕಿಯ ಸಂಶೋಧಕರು ವಿಂಡೋಸ್‌ನ ಕ್ರೋಮ್‌ನಲ್ಲಿ ಪತ್ತೆಹಚ್ಚಿದ, ಸಿವಿಇ-2025-2783 ಎಂಬ ಗುರುತು ಸಂಖ್ಯೆಯ ದೋಷ ಇಂಥದ್ದೇ. ರಷ್ಯಾದ ಸಂಸ್ಥೆಗಳಿಗೆ ಬಂದ ಆಮಂತ್ರಣದ ಇಮೇಲಿನಲ್ಲಿದ್ದ ಲಿಂಕ್ ಒತ್ತಿದರೆ ದಾಳಿಗೆ ಅಷ್ಟೇ ಸಾಕಿತ್ತು, ಬೇರೇನನ್ನೂ ಡೌನ್‌ಲೋಡ್ ಮಾಡಬೇಕಿರಲಿಲ್ಲ. ಗೂಗಲ್ ಅದನ್ನು 134.0.6998.177ನೇ ಆವೃತ್ತಿಯಲ್ಲಿ ಸರಿಪಡಿಸಿತು; ಅದನ್ನೇ ಹೋಲುವ ದೋಷ ಫೈರ್‌ಫಾಕ್ಸ್‌ನಲ್ಲೂ ಸಿಕ್ಕಿ 136.0.4ರಲ್ಲಿ ಸರಿಯಾಯಿತು.

ಅಪ್‌ಡೇಟ್ ತಾನಾಗಿ ಇಳಿದಿರುತ್ತದೆ, ನಿಜ. ಆದರೆ ಬ್ರೌಸರನ್ನು ಮುಚ್ಚಿ ತೆರೆಯುವವರೆಗೆ ಹಳೆಯ ಆವೃತ್ತಿಯೇ ನಡೆಯುತ್ತಿರುತ್ತದೆ, ಮತ್ತು ನಮ್ಮ ಗಲ್ಲೆಗಳಲ್ಲಿ ಅಪ್‌ಡೇಟಿನ ಕೆಲಸ ಅರ್ಧಕ್ಕೆ ನಿಲ್ಲುವುದು ಬಹುಮಟ್ಟಿಗೆ ಇಲ್ಲಿಯೇ. ಬಲ ಮೇಲ್ತುದಿಯ ಮೂರು ಚುಕ್ಕೆ ಒತ್ತಿ, ಹೆಲ್ಪ್‌ನಲ್ಲಿ ‘ಅಬೌಟ್ ಗೂಗಲ್ ಕ್ರೋಮ್’ ತೆರೆಯಿರಿ. ಆವೃತ್ತಿಯ ಸಂಖ್ಯೆಯ ಪಕ್ಕದಲ್ಲಿ ‘ರೀಲಾಂಚ್’ ಬಟನ್ ಕಂಡರೆ ಅಪ್‌ಡೇಟ್ ಕಾಯುತ್ತಿದೆ ಎಂದರ್ಥ. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ಮುಂಚೆ ಅದನ್ನು ಒತ್ತಿದರೆ ತೆರೆದಿದ್ದ ಟ್ಯಾಬುಗಳು ಮರಳಿ ಬರುತ್ತವೆ. ನೋಡಿದ ಪುಟಗಳ ದಾಖಲೆ ಇಡದ ಇನ್‌ಕಾಗ್ನಿಟೊ ಕಿಟಕಿಗಳು ಮಾತ್ರ ಬರುವುದಿಲ್ಲ, ಅರ್ಧ ತುಂಬಿದ ಫಾರಂ ಇದ್ದರೆ ಮೊದಲೇ ಮುಗಿಸಿಕೊಳ್ಳಿ. ಎಡ್ಜ್, ಬ್ರೇವ್ ಬ್ರೌಸರುಗಳೂ ಕ್ರೋಮ್‌ಗೆ ಬುನಾದಿಯಾದ ಕ್ರೋಮಿಯಂ ಮೇಲೆಯೇ ಕಟ್ಟಿದವಾದರೂ ಒಂದರ ಅಪ್‌ಡೇಟ್ ಇನ್ನೊಂದಕ್ಕೆ ತಲುಪದು. ಪ್ರತಿಯೊಂದನ್ನೂ ಬೇರೆಯಾಗಿ ನೋಡಬೇಕು.

ಇನ್ನೊಂದನ್ನು ಪರೀಕ್ಷಿಸಲೇಬೇಕು. ಕ್ರೋಮ್ ತೆರೆಯದಿದ್ದಾಗ ರಿಪೇರಿಯವರು ಕೆಲವೊಮ್ಮೆ ಶಾರ್ಟ್‌ಕಟ್‌ನ ಕೊನೆಯಲ್ಲಿ ‘--ನೋ-ಸ್ಯಾಂಡ್‌ಬಾಕ್ಸ್’ ಎಂದು ಇಂಗ್ಲಿಷಿನಲ್ಲಿ ಸೇರಿಸಿ ಹೋಗಿರುತ್ತಾರೆ. ಆಗ ಆವರಣವೇ ಇರುವುದಿಲ್ಲ, ಯಾವ ಅಪ್‌ಡೇಟೂ ಅದನ್ನು ತುಂಬಿಕೊಡದು. ಬ್ರೌಸರ್ ತೆರೆದಾಗಲೆಲ್ಲ ಮೇಲ್ಭಾಗದಲ್ಲಿ ಎಚ್ಚರಿಕೆಯ ಪಟ್ಟಿ ಬರುತ್ತಿದ್ದರೆ ಅದನ್ನು ಓದದೆ ಮುಚ್ಚಬೇಡಿ. ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ‘ಟಾರ್ಗೆಟ್’ ಸಾಲಿನಿಂದ ಆ ಭಾಗವನ್ನು ಅಳಿಸಿ, ಬದಲಾವಣೆಯನ್ನು ಉಳಿಸಿಕೊಳ್ಳಿ.

ಗಲ್ಲೆಯಲ್ಲಿ ಕೂರುವವರಿಗೆ ಅಡ್ಮಿನಿಸ್ಟ್ರೇಟರ್ ಖಾತೆ ಬೇಡ, ಸಾಮಾನ್ಯ ಖಾತೆ ಸಾಕು. ಆವರಣ ಮುರಿದರೂ ಹಾನಿ ಬಹುಪಾಲು ಆ ಖಾತೆಯ ಮಿತಿಯಲ್ಲೇ ಉಳಿಯುತ್ತದೆ. ವಿಂಡೋಸ್ 7ರ ಹಳೆಯ ಯಂತ್ರವಾದರೆ ಕ್ರೋಮ್ 109ಕ್ಕೇ ನಿಂತಿರುತ್ತದೆ. ಅದರಲ್ಲಿ ಬಿಲ್ಲು ಮಾತ್ರ ಹಾಕಿ; ಬ್ಯಾಂಕಿನ ಪುಟ ತೆರೆಯಬೇಡಿ.