ದೂರದ ಲಾರಿಯಲ್ಲಿ ಗಂಡ ಹೆಂಡತಿ: ಪಾಳಿ, ನಿದ್ರೆ, ಮನೆವಾರ್ತೆ

ಗಂಡ ಹೆಂಡತಿ ಇಬ್ಬರೂ ಭಾರೀ ವಾಹನದ ಪರವಾನಗಿ ಪಡೆದು ಒಂದೇ ಲಾರಿಯನ್ನು ಸರದಿಯ ಮೇಲೆ ಓಡಿಸಿದರೆ ಲೋಡು ಬೇಗ ತಲುಪುತ್ತದೆ, ಇಬ್ಬರ ದುಡಿಮೆಯೂ ಒಂದೇ ಮನೆಗೆ ಸೇರುತ್ತದೆ. ಹೀಗೆ ಹೊರಡುವವರಲ್ಲಿ ಬಹಳಷ್ಟು ಮಂದಿ ಇಡೀ ದಿನ ಜೊತೆಯಲ್ಲೇ ಇರುತ್ತೇವೆಂದು ಭಾವಿಸಿರುತ್ತಾರೆ. ಆದರೆ ಒಬ್ಬರ ಕೈಯಲ್ಲಿ ಸ್ಟಿಯರಿಂಗ್ ಇರುವಾಗ ಇನ್ನೊಬ್ಬರು ಹಿಂದಿನ ಬರ್ತಿನಲ್ಲಿ ಮಲಗಿರುತ್ತಾರೆ, ಇಬ್ಬರೂ ಎಚ್ಚರವಾಗಿದ್ದು ಮಾತನಾಡುವ ಹೊತ್ತು ದಿನದಲ್ಲಿ ಎರಡು ಮೂರು ಗಂಟೆ ಸಿಕ್ಕರೆ ಹೆಚ್ಚು. ಆದ್ದರಿಂದ ದಿನಚರಿ ಹಾಕಿಕೊಳ್ಳುವಾಗ ಯಾರು ಯಾವಾಗ ಮಲಗಬೇಕೆಂಬುದು ಮೊದಲು ತೀರ್ಮಾನವಾಗಬೇಕು. ಊಟ, ಸ್ನಾನ, ಬಟ್ಟೆ, ಹಣಕಾಸು ಇವೆಲ್ಲ ಆ ತೀರ್ಮಾನಕ್ಕೆ ಹೊಂದಿಕೊಂಡು ಬರಬೇಕಾದವು.

ಪಾಳಿ ಗೊತ್ತುಮಾಡುವ ಮುನ್ನ, ಓಡಾಡುವ ದೇಶದ ಕಾನೂನು ಚಲಿಸುವ ಲಾರಿಯಲ್ಲಿನ ನಿದ್ರೆಯನ್ನು ವಿಶ್ರಾಂತಿಯೆಂದು ಒಪ್ಪುತ್ತದೆಯೇ ಎಂದು ತಿಳಿದುಕೊಳ್ಳಿ. ಅಮೆರಿಕದಲ್ಲಿ ಸತತ 10 ಗಂಟೆ ವಿಶ್ರಾಂತಿ ಪಡೆದ ಚಾಲಕರು ಮುಂದಿನ 14 ಗಂಟೆಗಳೊಳಗೆ ಗರಿಷ್ಠ 11 ಗಂಟೆ ಓಡಿಸಬಹುದು. ಅಲ್ಲಿ ಸ್ಲೀಪರ್ ಬರ್ತಿನ ನಿದ್ರೆ ಲೆಕ್ಕಕ್ಕೆ ಸೇರುತ್ತದೆ, ಬರ್ತಿನಲ್ಲಿ ಸತತ 7 ಗಂಟೆ ಕಳೆದಿದ್ದರೆ ಅದರ ಹಿಂದೆ ಅಥವಾ ಮುಂದೆ 3 ಗಂಟೆಯವರೆಗೆ ಪಕ್ಕದ ಸೀಟಿನಲ್ಲಿ ಕುಳಿತದ್ದನ್ನೂ ಸೇರಿಸಿಕೊಳ್ಳುತ್ತಾರೆ. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ದಿನದ ವಿಶ್ರಾಂತಿಯನ್ನು ವಾಹನದಲ್ಲಿ ಪಡೆಯುವುದಾದರೆ ಅದು ನಿಂತಿರಲೇಬೇಕು, ಇಬ್ಬರು ಚಾಲಕರಿರುವ ಲಾರಿಯಲ್ಲಿ 30 ಗಂಟೆಗಳ ಅವಧಿಯೊಳಗೆ ಇಬ್ಬರಿಗೂ ತಲಾ 9 ಗಂಟೆ ವಿಶ್ರಾಂತಿ ಸಿಗಬೇಕು. ಭಾರತದ 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸವೆಂಬ ಮಿತಿ ಹಾಕಿತ್ತು, 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಒಂದು ದೇಶದ ದಂಪತಿ ಹಾಕಿಕೊಂಡ ವೇಳಾಪಟ್ಟಿಯನ್ನು ಇನ್ನೊಂದು ದೇಶದವರು ಹಾಗೆಯೇ ಎತ್ತಿಕೊಂಡರೆ ದಂಡ ಕಟ್ಟಬೇಕಾಗುವುದು ಇದೇ ಕಾರಣಕ್ಕೆ.

ರಾತ್ರಿಯ ಪಾಳಿ ಯಾರಿಗೆ ಎಂಬುದನ್ನು ಪ್ರೀತಿಯಿಂದಾಗಲಿ ಹಠದಿಂದಾಗಲಿ ನಿರ್ಧರಿಸಬಾರದು, ದೇಹದ ಅಭ್ಯಾಸ ನೋಡಿ ನಿರ್ಧರಿಸಬೇಕು. ರಾತ್ರಿ ತಡವಾಗಿ ಮಲಗುವ ರೂಢಿಯಿದ್ದವರಿಗೆ ಆ ಪಾಳಿ ಸುಲಭ. ಬೆಳಗಿನ ಜಾವಕ್ಕೇ ಎಚ್ಚರಾಗುವವರಿಗೆ ಹಗಲಿನದು. ಹೀಗಿದ್ದರೂ ರಾತ್ರಿ 2ರಿಂದ 6 ಗಂಟೆಯ ನಡುವೆ ಎಲ್ಲರಿಗೂ ಮಂಪರು ಹೆಚ್ಚು, ಮಧ್ಯಾಹ್ನ 2ರಿಂದ 4ರವರೆಗೆ ಅದು ಸ್ವಲ್ಪ ಹಗುರವಾಗಿ ಮತ್ತೆ ಬರುತ್ತದೆ. ಸತತ 17 ಗಂಟೆ ಎಚ್ಚರವಿದ್ದವರ ಚುರುಕು, ರಕ್ತದಲ್ಲಿ 0.05 ಶೇಕಡಾ ಮದ್ಯಸಾರವಿರುವವರ ಮಟ್ಟಕ್ಕೆ ಇಳಿಯುತ್ತದೆಂದು ಪ್ರಯೋಗಗಳಲ್ಲಿ ಕಂಡುಬಂದಿದೆ. ಒಮ್ಮೆ ಪಾಳಿ ಗೊತ್ತಾದ ಮೇಲೆ ವಾರಕ್ಕೊಮ್ಮೆ ಅದಲುಬದಲು ಮಾಡದಿರುವುದು ಒಳ್ಳೆಯದು, ಏಕೆಂದರೆ ದೇಹ ಹೊಸ ವೇಳೆಗೆ ಒಗ್ಗುವಷ್ಟರಲ್ಲಿ ವೇಳೆಯೇ ಬದಲಾಗಿರುತ್ತದೆ. ಸಮಾನತೆಯ ಹೆಸರಿನಲ್ಲಿ ಪಾಳಿ ಬದಲಿಸುತ್ತಾ ಹೋದರೆ ಇಬ್ಬರೂ ಸಮಾನವಾಗಿ ನಿದ್ದೆಗೆಡುತ್ತಾರೆ, ಅಷ್ಟೇ. ಕಾಫಿಯ ಪ್ರಭಾವ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕಾಗುವುದರಿಂದ ಪಾಳಿಯ ಕೊನೆಯ ಭಾಗದಲ್ಲಿ ಕುಡಿದ ಕಾಫಿ ಓಡಿಸುವಾಗ ಮಾಡಿದ ಉಪಕಾರವನ್ನು ಮಲಗುವಾಗ ವಸೂಲಿ ಮಾಡುತ್ತದೆ.

ಚಲಿಸುವ ಲಾರಿಯಲ್ಲಿ ನಿದ್ರಿಸುವವರು ಬರ್ತಿನ ಸುರಕ್ಷತಾ ಪಟ್ಟಿ ಅಥವಾ ಬಲೆಯನ್ನು ಬಿಗಿದುಕೊಂಡೇ ಮಲಗಬೇಕು. ಸೆಕೆಯೆಂದೋ ಹೊರಳಲು ಆಗದೆಂದೋ ಬಿಚ್ಚಿಟ್ಟರೆ ಒಂದು ಜೋರಾದ ಬ್ರೇಕಿಗೆ ಮುಂದಿನ ಸೀಟಿಗೆ ಹೋಗಿ ಬೀಳುತ್ತಾರೆ. ದಪ್ಪ ಪರದೆಯೂ ಕಿವಿಯ ಬಿರಡೆಯೂ ಸ್ವಲ್ಪ ನೆರವಾಗುತ್ತವೆ. ಮಿಕ್ಕ ನಿದ್ರೆಯನ್ನೆಲ್ಲ ಕಾಯುವುದು ಓಡಿಸುವವರ ಬಲಗಾಲು. ರಸ್ತೆಯುಬ್ಬು ತಲುಪುವ ಮೊದಲೇ ವೇಗ ಇಳಿಸುವುದು, ತಿರುವಿನಲ್ಲಿ ಬ್ರೇಕಿಗಿಂತ ಗೇರನ್ನು ನಂಬುವುದು, ಫೋನನ್ನು ಸ್ಪೀಕರಿನಲ್ಲಿ ಹಾಕದಿರುವುದು ಇವೆಲ್ಲ ಸಂಗಾತಿಯ ವಿಶ್ರಾಂತಿಯ ಭಾಗವೇ ಆಗಿವೆ. ಯಾವ ಕಾರಣಕ್ಕೆ ಎಬ್ಬಿಸಬಹುದೆಂಬುದನ್ನೂ ಮೊದಲೇ ಮಾತಾಡಿಟ್ಟುಕೊಳ್ಳಿ. ದಾರಿ ತಪ್ಪಿದ್ದಕ್ಕೆ ಎಬ್ಬಿಸಬೇಕಾಗಿಲ್ಲ. ಕಣ್ಣು ಎಳೆಯುತ್ತಿದೆ ಎಂದರೆ ಲಾರಿಯನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಅವಶ್ಯವಾಗಿ ಎಬ್ಬಿಸಬೇಕು, ಎಬ್ಬಿಸಿದ್ದಕ್ಕೆ ಆಮೇಲೆ ಯಾರೂ ಮುಖ ಗಂಟಿಕ್ಕಬಾರದು.

ಈ ಉದ್ಯೋಗದಲ್ಲಿ ಹೊಸಬರಿಗೆ ನಗು ತರಿಸುವ ಒಂದು ಅಪಾಯವಿದೆ. ಬಂಕಿನಲ್ಲಿ ಲಾರಿ ನಿಂತಾಗ ಬರ್ತಿನಲ್ಲಿದ್ದವರು ಸದ್ದಿಲ್ಲದೆ ಇಳಿದು ಶೌಚಾಲಯಕ್ಕೆ ಹೋಗುತ್ತಾರೆ, ಡೀಸೆಲ್ ತುಂಬಿಸಿ ಹಣ ಕೊಟ್ಟು ಬಂದವರು ಪರದೆಯ ಹಿಂದೆ ಸಂಗಾತಿ ಮಲಗಿದ್ದಾರೆಂದುಕೊಂಡು ಹೊರಟುಬಿಡುತ್ತಾರೆ. ಇದಕ್ಕೆ ಸರಳ ಉಪಾಯವೆಂದರೆ ಇಳಿಯುವವರು ತಮ್ಮ ದಿಂಬನ್ನು ಚಾಲಕರ ಸೀಟಿನ ಮೇಲೆ ಇಟ್ಟು ಹೋಗುವುದು. ದಿಂಬನ್ನು ತೆಗೆಯದೆ ಕುಳಿತುಕೊಳ್ಳಲಾಗದು, ತೆಗೆದರೆ ವಿಷಯ ತಿಳಿಯುತ್ತದೆ.

ಪಾಳಿ ಬದಲಾಗುವ ಹೊತ್ತಿಗೆ ಕನಿಷ್ಠ ಅರ್ಧ ಗಂಟೆ ಮೀಸಲಿಡಿ. ಗಾಢ ನಿದ್ರೆಯಿಂದ ಎದ್ದವರ ಮನಸ್ಸು ಪೂರ್ತಿ ಎಚ್ಚರಗೊಳ್ಳಲು 15ರಿಂದ 30 ನಿಮಿಷ ಬೇಕಾಗುವುದರಿಂದ ಎದ್ದವರನ್ನು ನೇರವಾಗಿ ಸ್ಟಿಯರಿಂಗಿನ ಮುಂದೆ ಕೂರಿಸಬಾರದು. ಆ ಹೊತ್ತಿನಲ್ಲಿ ಇಬ್ಬರೂ ಟಾರ್ಚ್ ಹಿಡಿದು ಲಾರಿಯನ್ನು ಒಂದು ಸುತ್ತು ಹಾಕಿ, ಜೋಡಿ ಟೈರುಗಳ ಒಳಗಿನದಕ್ಕೂ ಬೆಳಕು ಬಿಟ್ಟು ನೋಡಿ, ಗಾಳಿ ಸೋರುವ ಸದ್ದಿಗೆ ಕಿವಿಗೊಟ್ಟು, ಸರಕು ಬಿಗಿದ ಪಟ್ಟಿಗಳನ್ನು ಎಳೆದು ಪರೀಕ್ಷಿಸಿದರೆ ತಪಾಸಣೆಯೂ ಆಗುತ್ತದೆ, ಎದ್ದವರ ಕಾಲಿಗೆ ರಕ್ತವೂ ಓಡುತ್ತದೆ. ಇಳಿಯುವವರು ಹೇಳುವ ಮಾತು ಖಚಿತವಾಗಿರಬೇಕು. ‘ಎಲ್ಲ ಸರಿಯಿದೆ’ ಎಂದರೆ ಏನನ್ನೂ ಹೇಳಿದಂತಾಗುವುದಿಲ್ಲ. ‘ಎಡಗಡೆ ಹಿಂದಿನ ಆಕ್ಸಲಿನ ಒಳಟೈರ್ ಉಳಿದವುಗಳಿಗಿಂತ ಬಿಸಿಯಿದೆ, ನೂರು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಇನ್ನೊಮ್ಮೆ ನೋಡಬೇಕು’ ಎಂಬಂಥ ಮಾತು ಮಾತ್ರ ಕೆಲಸಕ್ಕೆ ಬರುತ್ತದೆ.

ಲಾರಿಯನ್ನು ಹಿಂದಕ್ಕೆ ತೆಗೆಯುವಾಗ ಜಗಳವಾಗದ ದಂಪತಿ ಅಪರೂಪ. ಕೆಳಗೆ ನಿಂತು ದಾರಿ ತೋರುವವರು ಸದಾ ಕನ್ನಡಿಯಲ್ಲಿ ಕಾಣುವ ಜಾಗದಲ್ಲೇ ಇರಬೇಕು, ಅವರು ಕಾಣದಾದ ಕ್ಷಣವೇ ಲಾರಿ ನಿಲ್ಲಬೇಕು. ಕೈಸನ್ನೆಗಳನ್ನು ಮೊದಲೇ ಗೊತ್ತುಮಾಡಿಕೊಂಡು, ಬಾಯಲ್ಲಿ ‘ನಿಲ್ಲಿಸು’ ಎಂಬುದನ್ನು ಬಿಟ್ಟು ಬೇರೇನನ್ನೂ ಹೇಳದಿದ್ದರೆ ಗೊಂದಲವೂ ಮನಸ್ತಾಪವೂ ಅರ್ಧಕ್ಕರ್ಧ ಇಳಿಯುತ್ತವೆ.

ಕ್ಯಾಬಿನ್ ಚಿಕ್ಕದು, ಎಲ್ಲಕ್ಕೂ ಒಂದು ಜಾಗ ಗೊತ್ತಿರಲಿ, ಕತ್ತಲಲ್ಲೂ ಕೈಗೆ ಸಿಗುವಂತಿರಲಿ. ಚಿಕ್ಕ ಫ್ರಿಜ್ ಕೊಳ್ಳುವಾಗ ಲಾರಿಯ ವಿದ್ಯುತ್ ವ್ಯವಸ್ಥೆ 12 ವೋಲ್ಟಿನದೋ 24 ವೋಲ್ಟಿನದೋ ನೋಡಿಕೊಳ್ಳಿ, ಬ್ಯಾಟರಿ ಇಳಿದಾಗ ತಾನೇ ಆರುವ ಮಾದರಿಯನ್ನು ಆರಿಸಿ. ಇಲ್ಲವಾದರೆ ಬೆಳಿಗ್ಗೆ ಊಟ ತಣ್ಣಗಿರುತ್ತದೆ, ಎಂಜಿನ್ ಮಾತ್ರ ಶುರುವಾಗುವುದಿಲ್ಲ. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡದೆ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪಿನಲ್ಲಿಡಬೇಕು, ಏಕೆಂದರೆ ಇಬ್ಬರೂ ಒಂದೇ ಪಾತ್ರೆಯಿಂದ ಉಂಡು ಒಟ್ಟಿಗೇ ಹೊಟ್ಟೆ ಕೆಡಿಸಿಕೊಂಡರೆ ಓಡಿಸಲು ಮೂರನೆಯವರಿಲ್ಲ. ಒಲೆಯನ್ನು ಎಂದೂ ಕ್ಯಾಬಿನ್ ಒಳಗೆ ಹಚ್ಚಬಾರದು. ಉರಿಯಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ; ಅದನ್ನು ಪತ್ತೆಹಚ್ಚುವ ಅಲಾರಂ ಒಂದನ್ನು ಬರ್ತಿನ ಬಳಿ ಅಳವಡಿಸುವುದು ಅಗತ್ಯ. ನಿಂತಲ್ಲೇ ಎಂಜಿನ್ ಚಾಲೂ ಇಟ್ಟರೆ ಭಾರೀ ಲಾರಿ ಗಂಟೆಗೆ ಸುಮಾರು 3 ಲೀಟರ್ ಡೀಸೆಲ್ ಕುಡಿಯುತ್ತದೆಂಬುದನ್ನೂ ಲೆಕ್ಕದಲ್ಲಿಡಿ.

ಗಂಟೆಗಟ್ಟಲೆ ಕೂತರೆ ಕಾಲಿನ ಒಳನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ, ಆದ್ದರಿಂದ ಪ್ರತಿ ನಿಲುಗಡೆಯಲ್ಲೂ ಹತ್ತು ನಿಮಿಷ ನಡೆಯಿರಿ. ಶೌಚಾಲಯ ಸಿಗದೆಂದು ನೀರು ಕಡಿಮೆ ಕುಡಿಯುವ ಅಭ್ಯಾಸ ಮುಖ್ಯವಾಗಿ ಹೆಂಗಸರಲ್ಲಿ ಕಾಣುತ್ತದೆ, ಅದು ಮೂತ್ರದ ಸೋಂಕಿಗೆ ದಾರಿ ಮಾಡಿಕೊಡುತ್ತದೆ. ನೀರನ್ನು ಕಡಿಮೆ ಮಾಡುವ ಬದಲು ಸ್ವಚ್ಛವಾದ ನಿಲುಗಡೆಗಳ ಪಟ್ಟಿ ಮಾಡಿ, ಡೀಸೆಲ್ಲನ್ನೂ ಅಲ್ಲೇ ತುಂಬಿಸಿ.

ಹಣದ ವಿಷಯದಲ್ಲಿ, ಲಾರಿಯ ಪತ್ರಗಳಲ್ಲೂ ಬ್ಯಾಂಕ್ ಖಾತೆಯಲ್ಲೂ ಇಬ್ಬರ ಹೆಸರೂ ಇರಲಿ, ಟೈರ್ ಮತ್ತು ಎಂಜಿನ್ ರಿಪೇರಿಗೆಂದು ಪ್ರತಿ ಲೋಡಿನಿಂದ ಒಂದು ಪಾಲು ಬೇರೆಯಾಗಿ ಎತ್ತಿಡಿ. ಕಿಲೋಮೀಟರ್ ಲೆಕ್ಕದ ಸಂಬಳವಾದರೆ ದರ ಇಡೀ ಲಾರಿಗೋ ತಲಾ ಒಬ್ಬರಿಗೋ ಎಂದು ಸ್ಪಷ್ಟಪಡಿಸಿಕೊಳ್ಳಬೇಕು, ಲೋಡಿಂಗಿಗೆ ಕಾದು ನಿಂತ ಗಂಟೆಗಳಿಗೆ ಏನು ಕೊಡುತ್ತಾರೆಂದು ಕೇಳಬೇಕು. ಒಬ್ಬರು ಜ್ವರದಿಂದ ಮಲಗಿದರೆ ಲಾರಿ ಒಬ್ಬರ ಪಾಳಿಯಷ್ಟೇ ಓಡುತ್ತದೆ, ಲೋಡು ತಡವಾಗುತ್ತದೆ. ಆ ತಡಕ್ಕೆ ದಂಡ ಹಾಕುತ್ತಾರೆಯೇ, ಮಲಗಿದವರನ್ನು ಊರಿಗೆ ಕಳಿಸುವ ಖರ್ಚು ಯಾರದು ಎಂಬುದನ್ನು ಕೆಲಸಕ್ಕೆ ಸಹಿ ಹಾಕುವ ಮೊದಲೇ ಬರವಣಿಗೆಯಲ್ಲಿ ಪಡೆದು, ಆ ಕಾಗದದ ಒಂದು ಪ್ರತಿಯನ್ನು ಕ್ಯಾಬಿನ್ನಿನಲ್ಲಿಯೂ ಇನ್ನೊಂದನ್ನು ಮನೆಯಲ್ಲಿ ನಂಬಿಕೆಯ ಒಬ್ಬರ ಬಳಿಯೂ ಇಟ್ಟಿರಬೇಕು.